ಮಾವಿನ ಹೂವು: ಆಸೆಯನ್ನು ಎಣಿಸಿ ನೋಡುವ ಬಗೆ

ಪಂಚಾಂಗದಲ್ಲಿ ವಸಂತ ಋತು ಚೈತ್ರದಲ್ಲಿ ಬರುತ್ತದೆ. ಮಾವಿನ ತೋಪಿನಲ್ಲಿ ಅದು ಪುಷ್ಯ-ಮಾಘದಲ್ಲೇ ಬಂದು ನಿಂತಿರುತ್ತದೆ. ರಾಗಿ ಒಕ್ಕಣೆ ಮುಗಿದು ಹೊಲಗಳು ಬರಿದಾಗಿವೆ. ಮುತ್ತುಗ ಇನ್ನೂ ಕೆಂಪಾಗಿಲ್ಲ. ಹೊಂಗೆ, ಬೇವು ಹೂ ಬಿಡಲು ಇನ್ನೂ ಸಮಯವಿದೆ. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ತೋಪಿಗೆ ಹೋದರೆ ಕುಡಿಗಳ ತುದಿಯಲ್ಲಿ ಮೊಗ್ಗು ಊದಿಕೊಂಡಿರುತ್ತದೆ. ಎರಡು-ಮೂರು ವಾರದಲ್ಲಿ ಮರ ಎಲೆ ಕಾಣದಂತೆ ಹೂವಾಗುತ್ತದೆ. ರಾಮನಗರದ ಕಡೆ ಇದು ಸ್ವಲ್ಪ ಮುಂಚೆ, ಡಿಸೆಂಬರಿನಲ್ಲೇ ಕಾಣಿಸಿಕೊಳ್ಳುವುದುಂಟು. ಕೋಲಾರ, ಶ್ರೀನಿವಾಸಪುರದ ಕಡೆ ಜನವರಿ-ಫೆಬ್ರವರಿ.

ಈ ಹೂವನ್ನು ನೋಡಿ ಸಂತೋಷಪಡದ ರೈತನಿಲ್ಲ. ಸಂತೋಷದ ಜೊತೆಗೇ ಮನೆಯಲ್ಲಿ ಲೆಕ್ಕವೂ ಶುರುವಾಗುತ್ತದೆ. ಸೊಸೈಟಿಯ ಸಾಲ, ಮಗಳ ಮದುವೆ, ಕೊಳವೆ ಬಾವಿಯ ಮೋಟಾರು, ಎಲ್ಲವನ್ನೂ ಆ ಹೂವಿನ ಮೇಲೆ ಇಟ್ಟು ಮಾತನಾಡುತ್ತೇವೆ. ಅದೇ ವಾರ ಫಸಲು ಗುತ್ತಿಗೆಗೆ ಕೇಳುವ ವ್ಯಾಪಾರಿಯೂ ಬೈಕಿನಲ್ಲಿ ಬಂದು ತೋಪನ್ನು ಒಂದು ಸುತ್ತು ಹಾಕುತ್ತಾನೆ. ಅವನೂ ಹೂವನ್ನೇ ನೋಡುತ್ತಾನೆ. ಆದರೆ ಅವನು ನೋಡುವ ರೀತಿ ಬೇರೆ, ನಾವು ನೋಡುವ ರೀತಿ ಬೇರೆ. ಅವನು ವರ್ಷಕ್ಕೆ ಹತ್ತಾರು ತೋಪು ನೋಡುವವನು. ನಾವು ನಮ್ಮದೊಂದನ್ನೇ ನೋಡಿ, ನೋಡಿದ್ದನ್ನೆಲ್ಲ ಕಾಯಿ ಎಂದುಕೊಳ್ಳುವವರು. ಮಾವಿನ ಹೂವು ಏನನ್ನು ಭರವಸೆ ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ನೀವೇ ಮರದ ಕೆಳಗೆ ನಿಂತು ತಿಳಿದುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹೂ ಹುಟ್ಟುವುದು ಮೊದಲೇ

ಜನವರಿಯಲ್ಲಿ ಕಂಡ ಹೂ ಜನವರಿಯಲ್ಲಿ ಹುಟ್ಟಿದ್ದಲ್ಲ. ಕಳೆದ ಕೊಯ್ಲಿನ ನಂತರ ಬಂದ ಚಿಗುರು ಬಲಿತು, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಅದರ ತುದಿಯ ಮೊಗ್ಗಿನಲ್ಲಿ ಎಲೆಯೋ ಹೂವೋ ಎಂಬುದು ನಿರ್ಧಾರವಾಗುತ್ತದೆ. ಮಳೆ ನಿಂತು ಭೂಮಿ ಒಣಗಬೇಕು, ರಾತ್ರಿಯ ಚಳಿ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯಬೇಕು, ಕುಡಿ ಬಲಿತಿರಬೇಕು. ಈ ಮೂರೂ ಕೂಡಿದರೆ ಹೂ. ನವೆಂಬರ್-ಡಿಸೆಂಬರಿನಲ್ಲಿ ಅಕಾಲ ಮಳೆ ಬಿದ್ದರೆ, ಅಥವಾ ನಾವೇ ನೀರು ಕೊಟ್ಟರೆ, ಅದೇ ಮೊಗ್ಗು ತಾಮ್ರದ ಬಣ್ಣದ ಚಿಗುರಾಗಿ ಹೊರಡುತ್ತದೆ. ಆದುದರಿಂದ ಹೂ ಬರುವ ಎರಡು-ಮೂರು ತಿಂಗಳ ಮುಂಚೆಯೇ ನೀರು ನಿಲ್ಲಿಸಬೇಕೆಂದು ಹೇಳುವುದು. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೆ ನೀರು ಕೊಡಲು ಆರಂಭಿಸಬಹುದು. ಮರ ಬಾಡಿದಂತೆ ಕಂಡಿತೆಂದು ಮರುಕಪಟ್ಟು ಡಿಸೆಂಬರಿನಲ್ಲಿ ನೀರು ಹಾಯಿಸುವವರು ಈಗಲೂ ಇದ್ದಾರೆ. ಆ ಮರುಕದ ಬೆಲೆ ಫಸಲು.

ಒಂದೇ ಮರದಲ್ಲಿ ಅರ್ಧ ಹೂ, ಅರ್ಧ ಚಿಗುರು ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಇದು ರೋಗವಲ್ಲ. ಮಾವಿನ ಕೊಂಬೆಗಳು ಒಂದೊಂದೂ ತನ್ನ ಪಾಡಿಗೆ ತಾನು ನಡೆಯುತ್ತವೆ. ಕಳೆದ ವರ್ಷ ಕಾಯಿ ಹೊತ್ತ ಕೊಂಬೆ ಈ ವರ್ಷ ಸುಮ್ಮನಿರಬಹುದು. ಧಾರವಾಡದ ಕಡೆ ಆಪೂಸ್ ಎಂದೂ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಬಾದಾಮಿ ಎಂದೂ ಕರೆಯುವ ತಳಿಯಲ್ಲಿ ಈ ವರ್ಷ ಬಿಟ್ಟು ವರ್ಷ ಬಿಡುವ ಗುಣ ಹೆಚ್ಚು. ತೋತಾಪುರಿ, ನೀಲಂ ಸಾಮಾನ್ಯವಾಗಿ ಪ್ರತಿ ವರ್ಷವೂ ಬಿಡುತ್ತವೆ. ನೀಲಂ ಮತ್ತು ದಶೇರಿ ಕೂಡಿಸಿ ಪಡೆದ ಮಲ್ಲಿಕಾ ಕೂಡ ನಂಬಬಹುದಾದ ತಳಿ. ಹೋದ ವರ್ಷ ಭರ್ಜರಿ ಫಸಲು ಕೊಟ್ಟ ಬಾದಾಮಿ ಮರ ಈ ವರ್ಷ ಹೂ ಕಡಿಮೆ ಬಿಟ್ಟರೆ ದೃಷ್ಟಿ ತಾಗಿತೆಂದು ಮಡಕೆ ಕಟ್ಟಿ ಪ್ರಯೋಜನವಿಲ್ಲ, ಮರ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ.

ಗೊಂಚಲಿನೊಳಗೆ ಏನಿದೆ?

ಒಂದು ಹೂಗೊಂಚಲನ್ನು ಕಿತ್ತು ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿ. ಒಂದೇ ಗೊಂಚಲಿನಲ್ಲಿ ಕೆಲವು ನೂರರಿಂದ ಕೆಲವು ಸಾವಿರದವರೆಗೆ ಹೂಗಳಿರುತ್ತವೆ. ಇವೆಲ್ಲ ಕಾಯಿ ಕಚ್ಚುವ ಹೂಗಳಲ್ಲ. ಮಾವಿನ ಗೊಂಚಲಿನಲ್ಲಿ ಎರಡು ಬಗೆಯ ಹೂ ಬೆರೆತಿರುತ್ತವೆ: ಬರೀ ಗಂಡು ಹೂ ಒಂದು, ಗಂಡು-ಹೆಣ್ಣು ಎರಡೂ ಇರುವ ದ್ವಿಲಿಂಗಿ ಹೂ ಇನ್ನೊಂದು. ಕಾಯಿಯಾಗುವುದು ಎರಡನೆಯದು ಮಾತ್ರ.

ಗುರುತಿಸುವುದು ಕಷ್ಟವಲ್ಲ. ಬಿರಿದ ಹೂವಿನ ನಡುವೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಸಿರು-ಹಳದಿಯ ದುಂಡನೆಯ ಗುಳ್ಳೆ ಕಂಡರೆ, ಅದರ ಪಕ್ಕದಿಂದ ಒಂದು ಸಣ್ಣ ಕಡ್ಡಿ ಎದ್ದಿದ್ದರೆ, ಅದು ದ್ವಿಲಿಂಗಿ ಹೂ. ಆ ಗುಳ್ಳೆಯೇ ಅಂಡಾಶಯ, ಮುಂದಿನ ಮಾವಿನಕಾಯಿ. ಗುಳ್ಳೆ ಇಲ್ಲದೆ ನಡುವೆ ಬರಿದಾಗಿದ್ದರೆ ಗಂಡು ಹೂ. ಕಣ್ಣು ಮಂಜಾದವರು ಮಕ್ಕಳ ಶಾಲೆಯ ಭೂತಗನ್ನಡಿಯನ್ನು ತೆಗೆದುಕೊಳ್ಳಲಿ. ಮಕ್ಕಳನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಅವರು ನಮಗಿಂತ ಬೇಗ ಎಣಿಸುತ್ತಾರೆ. ಗೊಂಚಲಿನ ಬುಡಕ್ಕಿಂತ ತುದಿಯ ಕಡೆ ದ್ವಿಲಿಂಗಿ ಹೂ ಹೆಚ್ಚು ಎಂಬುದನ್ನೂ ಗಮನಿಸಿ. ತಳಿಯಿಂದ ತಳಿಗೆ, ವರ್ಷದಿಂದ ವರ್ಷಕ್ಕೆ, ಮರದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೂ ಇದರ ಪ್ರಮಾಣ ಬದಲಾಗುತ್ತದೆ.

ದ್ವಿಲಿಂಗಿ ಹೂಗಳಲ್ಲಿಯೂ ಕೊಯ್ಲಿನವರೆಗೆ ನಿಲ್ಲುವುದು ಸಾವಿರಕ್ಕೆ ಒಂದರಷ್ಟು, ಹಲವು ಸಲ ಅದಕ್ಕಿಂತಲೂ ಕಡಿಮೆ. ಇದನ್ನು ಕೇಳಿ ಗಾಬರಿಯಾಗಬೇಡಿ. ಒಂದು ಗೊಂಚಲಿಗೆ ಒಂದು ಕಾಯಿ ನಿಂತರೆ ಮರದ ಕೊಂಬೆ ತಾಳಲಾರದಷ್ಟು ಫಸಲು. ಎರಡು-ಮೂರು ಗೊಂಚಲಿಗೆ ಒಂದು ನಿಂತರೂ ಒಳ್ಳೆಯ ಬೆಳೆಯೇ. ಹೂ ಉದುರುವುದು ಮರದ ಸಹಜ ನಡತೆ. ಯಾವುದು ಸಹಜ, ಯಾವುದು ನಷ್ಟ ಎಂದು ತಿಳಿಯುವುದೇ ಮುಖ್ಯ.

ನೊಣಕ್ಕೆ ಮರ್ಯಾದೆ

ಮಾವಿನ ಪರಾಗ ಅಂಟುಅಂಟಾಗಿರುತ್ತದೆ. ಗಾಳಿಯಲ್ಲಿ ಹಾರಿ ಹೋಗಿ ಕೂರುವಂಥದ್ದಲ್ಲ. ಕೀಟ ಹೊತ್ತು ತರಬೇಕು. ಈ ಕೆಲಸದಲ್ಲಿ ನಾವು ಅಸಹ್ಯಪಡುವ ನೊಣಗಳ ಪಾಲೇ ದೊಡ್ಡದು. ಮನೆ ನೊಣ, ನೀಲಿ-ಹಸಿರು ಹೊಳಪಿನ ನೊಣ, ಹೂವಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಪಟ್ಟೆ ನೊಣ, ಇವೆಲ್ಲ ಬರುತ್ತವೆ. ಜೊತೆಗೆ ತುಡುವೆ, ಕೋಲು ಜೇನು, ನಸರಿ, ಇರುವೆ, ಸಣ್ಣ ಕಣಜಗಳೂ ಇವೆ. ಹೂ ಹೆಚ್ಚಾಗಿ ಬೆಳಗಿನ ಹೊತ್ತು ಬಿರಿಯುತ್ತದೆ, ಕೀಟಗಳ ಓಡಾಟವೂ ಬಿಸಿಲೇರುತ್ತಿದ್ದಂತೆ ಹೆಚ್ಚುತ್ತದೆ. ಬೆಳಿಗ್ಗೆ ಒಂಬತ್ತು-ಹತ್ತರ ಸುಮಾರಿಗೆ ತೋಪಿನಲ್ಲಿ ನಿಂತು ಕಿವಿಗೊಡಿ. ಗುಂಯ್ ಎನ್ನುವ ಸದ್ದು ಮರದಿಂದ ಮರಕ್ಕೆ ಕೇಳಬೇಕು. ಹೂ ತುಂಬಿದ್ದೂ ತೋಪು ಮೌನವಾಗಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ಈ ಮೌನವನ್ನು ಬಹಳ ಸಲ ತರುವವರು ನಾವೇ. ಹೂ ತುಂಬಿ ಅರಳಿದಾಗ ಕೀಟನಾಶಕ ಹೊಡೆದರೆ ಜಿಗಿಹುಳುವಿನ ಜೊತೆಗೆ ಪರಾಗ ಒಯ್ಯುವ ನೊಣ-ಜೇನೂ ಸಾಯುತ್ತವೆ. ಅದರ ಫಲ ಒಂದು ತಿಂಗಳ ಮೇಲೆ ಕಾಣುತ್ತದೆ. ಗೊಂಚಲಿನ ತುದಿಯಲ್ಲಿ ಹತ್ತು-ಹದಿನೈದು ಸಣ್ಣ ಹೀಚುಗಳು ಒತ್ತೊತ್ತಾಗಿ, ಕಡು ಹಸಿರಾಗಿ, ಸ್ವಲ್ಪ ಬಾಗಿದಂತೆ ನಿಂತಿರುತ್ತವೆ. ನೋಡುವವರಿಗೆ ಕಣ್ತುಂಬ ಕಾಯಿ! ಆದರೆ ಅವು ಬೆಳೆಯುವುದಿಲ್ಲ, ಗೋಲಿ ಗಾತ್ರಕ್ಕೆ ಬರುವ ಮೊದಲೇ ಉದುರುತ್ತವೆ. ಉತ್ತರದವರು ಇದನ್ನು ಝುಮ್ಕಾ ಎನ್ನುತ್ತಾರೆ, ಕಿವಿಯ ಜುಮುಕಿಯಂತೆ ತೂಗುವುದರಿಂದ. ಪರಾಗಸ್ಪರ್ಶ ಸರಿಯಾಗಿ ಆಗದ ಹೂಗಳ ಕಥೆ ಇದು. ಸಂಶಯವಿದ್ದರೆ ಒಂದು ಹೀಚನ್ನು ಬ್ಲೇಡಿನಿಂದ ಎರಡಾಗಿ ಸೀಳಿ. ಒಳಗೆ ಬೀಜ ಬಿಳಿಯಾಗಿ ತುಂಬಿಕೊಂಡಿದ್ದರೆ ಅದು ನಿಲ್ಲುವ ಕಾಯಿ. ಸುಕ್ಕಿ ಕಪ್ಪಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೂವನ್ನು ತಿನ್ನುವ ಮೂರು

ಮೊದಲನೆಯದು ಜಿಗಿಹುಳು. ಬೆಣೆಯಾಕಾರದ, ಕಂದು ಬಣ್ಣದ ಸಣ್ಣ ಹುಳು. ಗೊಂಚಲನ್ನು ಅಲುಗಿಸಿದರೆ ಪಟಪಟನೆ ಹಾರುತ್ತದೆ. ಎಳೆಯ ಗೊಂಚಲಿನ ರಸ ಹೀರುವುದರಿಂದ ಹೂ ಒಣಗಿ ಉದುರುತ್ತದೆ. ಅದು ವಿಸರ್ಜಿಸುವ ಅಂಟು ದ್ರವ ಎಲೆಯ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಹೂ ಇಲ್ಲದ ಕಾಲದಲ್ಲಿ ಈ ಹುಳು ಕಾಂಡದ ತೊಗಟೆಯ ಬಿರುಕಿನಲ್ಲಿ ಅಡಗಿರುತ್ತದೆ. ನೆರಳು ಗವ್ವೆನ್ನುವ, ಕೊಂಬೆಗೆ ಕೊಂಬೆ ಹೆಣೆದುಕೊಂಡ ಹಳೆಯ ತೋಪುಗಳಲ್ಲಿ ಇದರ ಕಾಟ ಹೆಚ್ಚು. ಕೊಯ್ಲಾದ ಮೇಲೆ ಮರದ ನಡುವಿನ ಒತ್ತು ಕೊಂಬೆಗಳನ್ನು ತೆಗೆದು ಬಿಸಿಲು ಒಳಗೆ ಬೀಳುವಂತೆ ಮಾಡಿದರೆ ಔಷಧಿಯ ಖರ್ಚಿನಲ್ಲಿ ಒಂದು ಪಾಲು ಉಳಿಯುತ್ತದೆ.

ಹೂ ಅರಳುವ ಮುನ್ನ, ಗೊಂಚಲು ಇನ್ನೂ ಬೆರಳುದ್ದ ಇರುವಾಗಲೇ ನೋಡಿ. ಗೊಂಚಲಿಗೆ ನಾಲ್ಕೈದಕ್ಕಿಂತ ಹೆಚ್ಚು ಜಿಗಿಹುಳು ಕಂಡರೆ ಮಾತ್ರ ಸಿಂಪಡಿಸಿ. ಇಮಿಡಾಕ್ಲೋಪ್ರಿಡ್ ಶೇಕಡಾ 17.8ರ ದ್ರಾವಣವನ್ನು ಲೀಟರ್ ನೀರಿಗೆ 0.3 ಮಿಲಿಯಂತೆ ಬೆರೆಸಿ, ಎಲೆಗೆ ಮಾತ್ರವಲ್ಲದೆ ಕಾಂಡಕ್ಕೂ ತಾಗುವಂತೆ ಹೊಡೆಯಬೇಕು. ಇದು ಜೇನಿಗೆ ಬಹಳ ವಿಷಕಾರಿ. ಹೂ ಅರಳಿದ ಮೇಲೆ ಇದರ ಡಬ್ಬಿಯನ್ನು ಮುಟ್ಟಬೇಡಿ. ಹುಳು ಕಡಿಮೆಯಿದ್ದರೆ ಬೇವಿನ ಮೂಲದ ಔಷಧಿಯೇ ಸಾಕು. ಇನ್ನೊಂದು ಸಿಂಪರಣೆ ಬೇಕಾದರೆ ಕಾಯಿ ಬಟಾಣಿ ಗಾತ್ರವಾದ ಮೇಲೆ, ಅದೂ ಬೇರೆ ಔಷಧಿಯಿಂದ. ಹಿಂದೆ ನಮ್ಮ ಹಿರಿಯರು ಜಿಗಿಹುಳುವಿಗೆ ಕಾರ್ಬರಿಲ್ ಪುಡಿಯನ್ನೂ ಬೂದಿ ರೋಗಕ್ಕೆ ಟ್ರೈಡೆಮಾರ್ಫನ್ನೂ ಬಳಸುತ್ತಿದ್ದರು. ಹಳೆಯ ಪುಸ್ತಕಗಳಲ್ಲಿ ಈಗಲೂ ಅವುಗಳ ಹೆಸರು ಸಿಗುತ್ತದೆ. ಎರಡನ್ನೂ 2018ರಲ್ಲಿ ಸರ್ಕಾರ ನಿಷೇಧಿಸಿದೆ. ಅಟ್ಟದ ಮೇಲೆ ಉಳಿದ ಡಬ್ಬಿಯಿದ್ದರೆ ಬಳಸಬೇಡಿ.

ಎರಡನೆಯದು ಬೂದಿ ರೋಗ. ರಾತ್ರಿ ಚಳಿ, ಮುಂಜಾನೆ ಮಂಜು, ಮೋಡದ ದಿನ ಕೂಡಿದರೆ ಗೊಂಚಲಿನ ಮೇಲೆ ಬಿಳಿಯ ಬೂದಿ ಎರಚಿದಂತೆ ಕಾಣುತ್ತದೆ. ಬೆರಳಿನಿಂದ ಒರೆಸಿದರೆ ಅಂಟುತ್ತದೆ. ನಾಲ್ಕೈದು ದಿನ ಸುಮ್ಮನಿದ್ದರೆ ಗೊಂಚಲೆಲ್ಲ ಒಣಗಿ ನಿಲ್ಲುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಬೆರೆಸಿ ಸಂಜೆ ಸಿಂಪಡಿಸಿ. ಸುಡು ಬಿಸಿಲಿನಲ್ಲಿ ಗಂಧಕ ಹೊಡೆದರೆ ಹೂ ಸುಟ್ಟುಹೋಗುತ್ತದೆ. ರೋಗ ಮುಂದುವರಿದರೆ ಹದಿನೈದು ದಿನ ಬಿಟ್ಟು ಹೆಕ್ಸಾಕೊನಜೋಲ್ ಶೇಕಡಾ 5ರ ದ್ರಾವಣವನ್ನು ಲೀಟರಿಗೆ 1 ಮಿಲಿಯಂತೆ ಕೊಡಬಹುದು.

ಮೂರನೆಯದು ಹೂ ಕಪ್ಪಾಗುವ ರೋಗ. ಹೂವಿನ ಕಾಲದಲ್ಲಿ ಮಳೆ ಹನಿದರೆ, ಮಂಜು ಹೆಚ್ಚು ಹೊತ್ತು ನಿಂತರೆ ಮಾತ್ರ ಇದರ ಹಾವಳಿ. ಕಾಫಿ ಬೆಳೆಯುವ ನಮ್ಮ ಮಲೆನಾಡಿನ ಬಂಧುಗಳು ಹೂ ಮಳೆಗಾಗಿ ಆಕಾಶ ನೋಡುತ್ತಾ ಕೂತಿರುವ ದಿನಗಳಲ್ಲೇ ಬಯಲಿನ ಮಾವಿನ ರೈತ ಮಳೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಾನೆ. ಅವರಿಗೆ ಮಳೆ ಬಿದ್ದ ಒಂಬತ್ತು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ನಮಗೆ ಅದೇ ಮಳೆ ಗೊಂಚಲನ್ನು ಕಪ್ಪು ಮಾಡುತ್ತದೆ. ಮಳೆ ಬಿದ್ದ ಕೂಡಲೇ ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂನಂತೆ ಸಿಂಪಡಿಸುವುದು ರೂಢಿ. ಯಾವುದೇ ಔಷಧಿಯಾಗಲಿ, ಡಬ್ಬಿಯ ಚೀಟಿ ಓದಿ, ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ.

ಎಣಿಸುವ ಕ್ರಮ

ಈಗ ಮುಖ್ಯ ಕೆಲಸ. ಹೂ ಪೂರ್ತಿ ಹೊರಟ ಮೇಲೆ ಒಂದು ಬೆಳಿಗ್ಗೆ ನೋಟು ಪುಸ್ತಕ ಹಿಡಿದು ತೋಪಿಗೆ ಹೋಗಿ. ರಸ್ತೆ ಬದಿಯ ಚೆಂದದ ಮರಗಳನ್ನೇ ಆರಿಸಬೇಡಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ನಡೆಯುತ್ತ ಹತ್ತು ಮರಗಳಿಗೆ ಸುಣ್ಣದ ಗುರುತು ಹಾಕಿ. ಪ್ರತಿ ಮರದ ನಾಲ್ಕು ದಿಕ್ಕಿನಲ್ಲಿ ಇಪ್ಪತ್ತಿಪ್ಪತ್ತು ಕುಡಿಗಳನ್ನು ನೋಡಿ, ಎಷ್ಟರಲ್ಲಿ ಹೂ ಬಂದಿದೆ ಎಂದು ಬರೆಯಿರಿ. ಮರಕ್ಕೆ 80 ಕುಡಿ, ಹತ್ತು ಮರಕ್ಕೆ 800. ಅದರಲ್ಲಿ 480 ಹೂವಾಗಿದ್ದರೆ ಶೇಕಡಾ 60 ಹೂ. ದೂರದಿಂದ ನೋಡಿದರೆ ಇಂಥ ತೋಪು ಪೂರ್ತಿ ಹೂವಾದಂತೆ ಕಾಣುತ್ತದೆ ಎಂಬುದು ನಿಮಗೇ ಆಶ್ಚರ್ಯ ತರುತ್ತದೆ.

ಹೀಗೆ ನೋಡುವಾಗಲೇ ಪ್ರತಿ ಮರದಲ್ಲಿ ಹತ್ತು ಗೊಂಚಲಿಗೆ ಬಣ್ಣದ ದಾರ ಕಟ್ಟಿ. ಬಟಾಣಿ ಗಾತ್ರದಲ್ಲಿ ಒಮ್ಮೆ, ಗೋಲಿ ಗಾತ್ರದಲ್ಲಿ ಒಮ್ಮೆ, ನಿಂಬೆ ಗಾತ್ರದಲ್ಲಿ ಒಮ್ಮೆ, ಆ ನೂರು ಗೊಂಚಲುಗಳಲ್ಲಿರುವ ಕಾಯಿಗಳನ್ನು ಎಣಿಸಿ. ಬಟಾಣಿ ಗಾತ್ರದಲ್ಲಿ ಐನೂರಿದ್ದದ್ದು ನಿಂಬೆ ಗಾತ್ರಕ್ಕೆ ಮೂವತ್ತು-ನಲವತ್ತಕ್ಕೆ ಇಳಿದರೂ ಎದೆಗುಂದಬೇಡಿ, ಮೇಲೆ ಹೇಳಿದಂತೆ ಅದು ಒಳ್ಳೆಯ ಬೆಳೆ. ಬಟಾಣಿ ಗಾತ್ರದಲ್ಲಿ ಕಾಯಿ ಉದುರುವುದು ವಿಪರೀತವೆನಿಸಿದರೆ ಪ್ಲಾನೋಫಿಕ್ಸ್ ಎಂದು ಸಿಗುವ ಎನ್.ಎ.ಎ. ಶೇಕಡಾ 4.5ರ ದ್ರಾವಣವನ್ನು 4.5 ಲೀಟರ್ ನೀರಿಗೆ 2 ಮಿಲಿಯಂತೆ ಸಿಂಪಡಿಸಬಹುದು. ಇದು 20 ಪಿ.ಪಿ.ಎಂ. ಆಗುತ್ತದೆ. ಬೀಜವಿಲ್ಲದ ಹೀಚನ್ನು ಇದು ನಿಲ್ಲಿಸಲಾರದು.

ಲೆಕ್ಕ ಹೇಗೆಂದು ತೋರಿಸಲು ಒಂದು ಉದಾಹರಣೆ ಹಿಡಿಯೋಣ. ಒಂದು ಬಾದಾಮಿ ಮರದಲ್ಲಿ 600 ಗೊಂಚಲಿವೆ. ನಿಂಬೆ ಗಾತ್ರದಲ್ಲಿ ಮೂರು ಗೊಂಚಲಿಗೆ ಒಂದು ಕಾಯಿ ನಿಂತಿದೆ. ಹಾಗಾದರೆ ಮರಕ್ಕೆ 200 ಕಾಯಿ. ಒಂದು ಕಾಯಿ ಕಾಲು ಕಿಲೋ ತೂಗಿದರೆ 50 ಕಿಲೋ. ಆಲಿಕಲ್ಲು, ಏಪ್ರಿಲ್-ಮೇ ತಿಂಗಳ ಬಿರುಗಾಳಿ, ಕಳ್ಳರು, ಕೋತಿ ಎಂದು ಕಾಲು ಭಾಗ ಕಳೆದರೆ ಸುಮಾರು 37 ಕಿಲೋ. ಇದು ನಿಮ್ಮ ಕೈಯಲ್ಲಿರುವ ನಿಜವಾದ ಆಸೆ. ನೂರು ಮರವಿದ್ದರೆ 37 ಕ್ವಿಂಟಾಲ್. ಹೋದ ವರ್ಷದ ಮಂಡಿಯ ಕಡಿಮೆ ಧಾರಣೆಯಿಂದ ಗುಣಿಸಿ, ಹೆಚ್ಚಿನ ಧಾರಣೆಯಿಂದಲ್ಲ.

ಹೂವಿನ ಮೇಲೆ ವ್ಯಾಪಾರ

ತೋಪಿನಲ್ಲಿ ನಿಂತಾಗ ರೈತರು ಹೆಚ್ಚಾಗಿ ಕೇಳುವ ಪ್ರಶ್ನೆ ಔಷಧಿಯದಲ್ಲ. "ಹೂವಿನಲ್ಲೇ ಕೊಟ್ಟುಬಿಡಲೇ ಸ್ವಾಮಿ, ಕಾಯಿ ಕಚ್ಚುವವರೆಗೆ ಕಾಯಲೇ?" ಎಂಬುದು. ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಹೂವಿನಲ್ಲಿ ಕೊಟ್ಟರೆ ಬೂದಿ ರೋಗ, ಮಳೆ, ಆಲಿಕಲ್ಲಿನ ಭಯ ವ್ಯಾಪಾರಿಯ ಹೆಗಲಿಗೆ ಹೋಗುತ್ತದೆ, ಕೈಗೆ ಮುಂಗಡ ಬರುತ್ತದೆ. ಆ ಭಯವನ್ನು ಹೊರುವುದಕ್ಕೆ ಅವನು ಬೆಲೆ ಕಡಿತ ಮಾಡಿಕೊಳ್ಳುತ್ತಾನೆ, ಅದು ನ್ಯಾಯವೇ. ಅನ್ಯಾಯವಾಗುವುದು ನಾವು ನಮ್ಮ ಮರದ ಲೆಕ್ಕ ತಿಳಿಯದೆ ಮಾತಿಗೆ ಕೂತಾಗ. ಬಡ್ಡಿ ಸಾಲದ ಕಂತು ತಲೆಯ ಮೇಲಿರುವವನಿಗೆ ಕಾಯಿರಿ ಎಂದು ಬುದ್ಧಿ ಹೇಳುವುದು ಸುಲಭ, ಕಾಯುವುದು ಸುಲಭವಲ್ಲ. ಅಂಥವರು ಅರ್ಧ ತೋಪನ್ನು ಹೂವಿನಲ್ಲಿ ಕೊಟ್ಟು ಅರ್ಧವನ್ನು ಗೋಲಿ ಗಾತ್ರದವರೆಗೆ ಉಳಿಸಿಕೊಳ್ಳಬಹುದು. ಕಾಯಲು ಶಕ್ತಿಯಿರುವವರು ಕನಿಷ್ಠ ಹೀಚು ಸೀಳಿ ಬೀಜ ನೋಡುವವರೆಗಾದರೂ ಕಾಯಬೇಕು ಎಂಬುದು ನನ್ನ ಅಭಿಪ್ರಾಯ.

ಕೊಡುವುದಾದರೆ ಬಾಯಿ ಮಾತಿನಲ್ಲಿ ಬೇಡ. ಒಟ್ಟು ಹಣ, ಮುಂಗಡ, ಉಳಿದ ಹಣ ಯಾವ ದಿನ, ಎಷ್ಟು ಮರ, ಎಲ್ಲವನ್ನೂ ಕಾಗದದ ಮೇಲೆ ಬರೆಸಿ ಇಬ್ಬರು ಸಾಕ್ಷಿಗಳ ರುಜು ಹಾಕಿಸಿ. ಉಳಿದ ಹಣ ಕಾಯಿ ತೋಪಿನಿಂದ ಹೊರಡುವ ಮೊದಲೇ ಬರಬೇಕೆಂದು ಸೇರಿಸಿ. ಔಷಧಿ ಯಾರು ಹೊಡೆಯಬೇಕು, ಯಾವುದನ್ನು ಹೊಡೆಯಬಾರದು ಎಂಬುದನ್ನೂ ಬರೆಸಿ. ಒಂದು ವರ್ಷದ ಲಾಭವನ್ನಷ್ಟೇ ನೋಡುವವನಿಗೆ ನಿಮ್ಮ ನೊಣ-ಜೇನಿನ ಚಿಂತೆಯಿರುವುದಿಲ್ಲ. ಎರಡು-ಮೂರು ವರ್ಷದ ಗುತ್ತಿಗೆಯಾದರೆ ಇನ್ನೂ ಎಚ್ಚರ ಬೇಕು. ಬಲವಂತವಾಗಿ ಹೂ ಬರಿಸಲು ಬುಡಕ್ಕೆ ಪ್ಯಾಕ್ಲೋಬ್ಯುಟ್ರಜಾಲ್ ಹಾಕುವ ಪದ್ಧತಿ ಇದೆ. ಮರದ ವಯಸ್ಸು, ಹರವು ನೋಡಿ ಅಳತೆಯಿಂದ ಹಾಕಿ, ಗೊಬ್ಬರ ಕೊಟ್ಟು ಸಾಕಿದರೆ ಅದರಿಂದ ಅನುಕೂಲವುಂಟು. ಅಳತೆ ಮೀರಿ ವರ್ಷ ವರ್ಷ ಸುರಿದರೆ ಕುಡಿ ಗಿಡ್ಡವಾಗಿ, ಗೊಂಚಲು ಮುದುಡಿ, ಮರ ಸೊರಗುತ್ತದೆ. ಗುತ್ತಿಗೆ ಮುಗಿದ ಮೇಲೆ ಸೊರಗಿದ ಮರ ನಿಮ್ಮ ಪಾಲಿಗೆ ಉಳಿಯುತ್ತದೆ. ಆದ್ದರಿಂದ ನಿಮ್ಮ ಒಪ್ಪಿಗೆಯಿಲ್ಲದೆ ಬುಡಕ್ಕೆ ಏನನ್ನೂ ಹಾಕಕೂಡದೆಂದು ಕಾಗದದಲ್ಲಿ ಇರಲಿ.

ನೋಟು ಪುಸ್ತಕವನ್ನು ಕೊಯ್ಲಾದ ಮೇಲೆ ಎಸೆಯಬೇಡಿ. ತೋಪನ್ನು ಗುತ್ತಿಗೆಗೆ ಕೊಟ್ಟಿದ್ದರೂ ಗುರುತು ಹಾಕಿದ ಹತ್ತು ಮರಗಳ ಕಾಯಿಯನ್ನು ಕೊಯ್ಲಿನ ದಿನ ಎದುರಿಗೆ ನಿಂತು ಎಣಿಸಿ, ಅದೇ ಪುಟದಲ್ಲಿ ಬರೆಯಿರಿ. ನಿಂಬೆ ಗಾತ್ರದಲ್ಲಿ ನೀವು ಹಿಡಿದ ಲೆಕ್ಕಕ್ಕೂ ಕೊನೆಗೆ ಬಂದ ಕಾಯಿಗೂ ಎಷ್ಟು ಅಂತರ ಬಿತ್ತು, ಯಾವ ಮರದಲ್ಲಿ ಬಿತ್ತು, ಆ ವಾರ ಮಳೆಯಿತ್ತೇ, ಬೂದಿಯಿತ್ತೇ ಎಂಬುದನ್ನೂ ಸೇರಿಸಿ. ಮುಂದಿನ ಪುಷ್ಯದಲ್ಲಿ ಬೈಕಿನ ಸದ್ದು ತೋಪಿನ ಬೇಲಿಯ ಹತ್ತಿರ ಕೇಳಿದಾಗ ಆ ಪುಟ ತೆರೆದು ಇಟ್ಟುಕೊಂಡು ಮಾತಿಗೆ ಕೂರಿ.